ಎರವಲು ಬಂದ ಗುಡ್ಡ

ಜಪಾನೀ ತೋಟದ ಹಿನ್ನೆಲೆಗೆ ದೂರದ ಬೆಟ್ಟವನ್ನು ಎರವಲು ತರುವುದು ಹಳೆಯ ಪದ್ಧತಿ. ಕೇಳಿಕೊಂಡರೆ ಊರಿನವರು ಒಂದು ಹಗಲಿಗೆ ಕಳಿಸಿಕೊಡುತ್ತಾರೆ. ಅಂದು ಆಸ್ಪತ್ರೆಯ ಜಪಾನೀ ತೋಟಕ್ಕೆ ನಮ್ಮೂರಿನ ಗುಡ್ಡವೇ ಬಂದು, ಪೈನ್ ಮರಗಳ ಹಿಂದೆ ಸದ್ದಿಲ್ಲದೆ ನಿಂತಿತ್ತು. ತಂಗಿ ನೀಲವ್ವ ಕೊನೆಯದಾಗಿ ಒಮ್ಮೆ ಅದನ್ನು ನೋಡಬೇಕೆಂದಿದ್ದಳು. ಮಾಲಿ ಮುದ್ದಯ್ಯ ಕಿಟಕಿ ಪಕ್ಕದ ಅವಳ ಮಂಚದ ಎತ್ತರಕ್ಕೆ ಬಗ್ಗಿ ನೋಡಿ, ಅಡ್ಡ ಬಂದ ಎರಡು ಕೊಂಬೆಗಳನ್ನು ಕತ್ತರಿಸಿದ್ದ.

ಆದರೆ ಔಷಧದ ಮಂಪರಿನಲ್ಲಿದ್ದ ಅವಳು ಸಂಜೆಯಾದರೂ ಕಣ್ಣು ತೆರೆಯಲಿಲ್ಲ. ಹೊತ್ತು ಮುಳುಗುವುದರೊಳಗೆ ಗುಡ್ಡವನ್ನು ಹಿಂದಿರುಗಿಸಬೇಕಿತ್ತು.

"ಇನ್ನೊಂಚೂರು ಹೊತ್ತು ಕೇಳಿ ನೋಡಿ ಅಮ್ಮಾ, ಕೇಳೋದ್ರಲ್ಲಿ ತಪ್ಪೇನು?" ಎಂದ ಮುದ್ದಯ್ಯ.

ಊರಿನ ಹಿರಿಯರಾದ ಫಕೀರಪ್ಪನವರಿಗೆ ಫೋನ್ ಮಾಡಿ, ತಂಗಿ ಇನ್ನೂ ಎದ್ದಿಲ್ಲವೆಂದೆ.

"ಎಬ್ಬಿಸಬ್ಯಾಡ್ರಿ ಅಕ್ಕಾರ, ತಾನಾಗೇ ಏಳಲಿ. ಗುಡ್ಡ ಅಡ್ಡ ಇಲ್ಲದ್ದಕ್ಕ ನಮಗಿಲ್ಲಿ ಇನ್ನೂ ಬಿಸಿಲೈತಿ. ಸೂರ್ಯ ಪೂರಾ ಮುಳುಗೂದನ್ನ ಊರ ಮಂದಿ ಮೊದಲ ಸಲ ನೋಡಾಕತ್ತಾರ. ನಮ್ಮ ಮುದುಕಿಯಂತೂ ಚಾ ಹಿಡಕೊಂಡು ಕುಂತಾಳ, ಕಟ್ಟಿ ಬಿಟ್ಟು ಏಳೂದ ಇಲ್ಲ ಅಂತಾಳ!"

ನಾನು ನೀಲವ್ವನ ಕೈ ಹಿಡಿದು ಕುಳಿತೆ. ಬೆಳಕು ಆರುವ ಮುನ್ನ ಅವಳ ಬೆರಳುಗಳು ಅಲುಗಿದವು. ಕಣ್ಣು ತೆರೆದು ಗುಡ್ಡದತ್ತ ನೋಡಿದಳು.

"ಅಕ್ಕಾ, ಕುರಿ ಇನ್ನೂ ಮ್ಯಾಲೇ ಅದಾವಲ್ಲ," ಎಂದಳು.