ಗಾಜಿನಾಚೆಯ ಪೈಲಟ್

“ಎಪ್ಪತ್ತೆರಡು, ಒಂಬತ್ತು ಸಾವಿರ ಅಡಿಗೆ ಇಳಿಯಿರಿ.”

“ಎಪ್ಪತ್ತೆರಡು, ಒಂಬತ್ತು ಸಾವಿರಕ್ಕೆ ಇಳೀತಿದೀವಿ, ಮೇಡಂ.”

ತಂಗಿ ಮತ್ತೆ ಮೈಕಿನ ಗುಂಡಿ ಒತ್ತಿದಳು. “ಎಪ್ಪತ್ತೆರಡು, ಒಂಬತ್ತರಲ್ಲೇ ನಿಲ್ಲಿ. ಅದಕ್ಕಿಂತ ಕೆಳಗೆ ಬರಬೇಡಿ. ಎಂಟು ಸಾವಿರದಲ್ಲಿ ಇನ್ನೊಂದು ವಿಮಾನ ಇದೆ.”

ಪರದೆಯ ಮೇಲೆ ಹಸಿರು ಚುಕ್ಕೆಯ ಪಕ್ಕದ ಸಂಖ್ಯೆ ಇನ್ನೂ ಹತ್ತು ಸಾವಿರವನ್ನೇ ತೋರಿಸುತ್ತಿತ್ತು. ಹಿಂದೆ ಕೂತಿದ್ದ ಪರೀಕ್ಷಕರ ಪೆನ್ನು ನಿಂತಿತು. ಅವರು ತಮ್ಮ ಹಾಳೆ ನೋಡಿದರು, ಅವಳ ಬೆನ್ನು ನೋಡಿದರು, ಒಂದು ಗುರುತು ಹಾಕಿದರು.

ಆ ಚುಕ್ಕೆಗಳಲ್ಲಿ ಪ್ರಯಾಣಿಕರಿರಲಿಲ್ಲ. ಇದು ವಿಮಾನ ಸಂಚಾರ ನಿಯಂತ್ರಕರ ಕೆಲಸದ ಪರೀಕ್ಷೆ. ಗಾಜಿನ ಗೋಡೆಯಾಚೆ ಕೂತಿದ್ದ ಅಕ್ಕನೇ ಎಲ್ಲ ವಿಮಾನಗಳಿಗೂ ಪೈಲಟ್. ತಂಗಿ ಹೇಳಿದ್ದನ್ನು ತಿರುಗಿ ಹೇಳಬೇಕು, ಕೀಲಿ ಒತ್ತಿ ಚುಕ್ಕೆಯನ್ನು ನಡೆಸಬೇಕು. ಎರಡು ಕಡೆ ಮಾತ್ರ ಹೇಳುವುದೊಂದು, ಮಾಡುವುದೊಂದು ಎಂದು ಪರೀಕ್ಷಕರು ಮೊದಲೇ ತಿಳಿಸಿದ್ದರು. ಎಲ್ಲಿ ಎಂಬುದು ಅವರು ಅಕ್ಕನಿಗೆ ಕೊಟ್ಟ ಹಾಳೆಯಲ್ಲಿರುತ್ತದೆ. ನಿಜವಾದ ಆಕಾಶದಲ್ಲೂ ಒಂಬತ್ತು ಎಂದವನು ಎಂಟಕ್ಕೆ ಇಳಿದುಬಿಡುತ್ತಾನೆ. ಡಿಕ್ಕಿಯಾಗುವ ಮೊದಲು ಅದನ್ನು ಹಿಡಿಯಬೇಕು.

ತಂಗಿಗೆ ಇದು ಮೂರನೆಯ ಪ್ರಯತ್ನ. ನಾಲ್ಕನೆಯದು ಯಾರಿಗೂ ಇಲ್ಲ. ಮೂರು ಸಲ ಸೋತವರು ಎಲ್ಲಿಗೆ ಹೋಗುತ್ತಾರೆ ಎಂದು ತಿಳಿಯಲು ತಲೆಯೆತ್ತಿದರೆ ಸಾಕಿತ್ತು. ಎಂಟು ವರ್ಷದಿಂದ ಅಕ್ಕ ಗಾಜಿನ ಆ ಕಡೆಗಿದ್ದಳು.

ಬೆಳಿಗ್ಗೆ ಬಾಗಿಲಲ್ಲಿ ಕಾವಲುಗಾರ ನಕ್ಕಿದ್ದ. “ಅಕ್ಕನೇ ಪೈಲಟ್ ಅಂದಮೇಲೆ ಎಲ್ಲ ವಿಮಾನನೂ ನೆಟ್ಟಗೆ ಮನೆಗೇ ಬರ್ತವೆ ಬಿಡಮ್ಮ.” ಚಿಕ್ಕಮ್ಮ ಮಾತ್ರ ಫೋನಿನಲ್ಲಿ ದನಿ ತಗ್ಗಿಸಿದ್ದಳು. “ಹುಷಾರು ಕಣೇ. ತನಗೆ ಸಿಗದೇ ಇದ್ದದ್ದು ತಂಗಿಗೆ ಸಿಕ್ಕರೆ ಎಂಥವಳಿಗೂ ಹೊಟ್ಟೆ ಉರಿಯುತ್ತೆ.”

“ಮೂವತ್ತೊಂದು, ಬಲಕ್ಕೆ ತಿರುಗಿ.”

“ಮೂವತ್ತೊಂದು, ಬಲಕ್ಕೆ ತಿರುಗ್ತಿದೀವಿ, ಮೇಡಂ.”

“ಮೂವತ್ತೊಂದು, ಎಡಕ್ಕೆ ಹೋಗಬೇಡಿ. ಬಲಕ್ಕೆ. ಖಚಿತಪಡಿಸಿ.”

ಚುಕ್ಕೆ ಇನ್ನೂ ಮೂಗು ಅಲ್ಲಾಡಿಸಿರಲಿಲ್ಲ. ಪರೀಕ್ಷಕರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಎರಡೂ ಮುಗಿದವು. ತಂಗಿಯ ಭುಜ ಸಡಿಲವಾಯಿತು. ತಲೆ ತಗ್ಗಿಸಿ ವಿಮಾನಗಳ ಚೀಟಿಗಳನ್ನು ಜೋಡಿಸತೊಡಗಿದಳು. ಉತ್ತರ ಬಂದಾಗಷ್ಟೇ ಗಾಜಿನತ್ತ ಕಣ್ಣೆತ್ತುವಳು, ಮತ್ತೆ ಚೀಟಿಗೆ ಇಳಿಸುವಳು.

“ನಲವತ್ತು, ಹನ್ನೊಂದು ಸಾವಿರದಲ್ಲೇ ಇರಿ.”

“ನಲವತ್ತು, ಹನ್ನೊಂದು ಸಾವಿರದಲ್ಲೇ ಇರ್ತೀವಿ.”

ಚೀಟಿಯ ಮೇಲೆ ಹನ್ನೊಂದು ಎಂದು ಬರೆದಳು. ಪರದೆಯ ಮೇಲೆ ಹನ್ನೊಂದು ಹನ್ನೊಂದೂವರೆಯಾಯಿತು. ಹನ್ನೆರಡಾಯಿತು. ಹನ್ನೆರಡರಲ್ಲಿ ಎದುರಿನಿಂದ ಇನ್ನೊಂದು ಬರುತ್ತಿತ್ತು. ಎಚ್ಚರಿಕೆಯ ಗಂಟೆ ಬಡಿದುಕೊಂಡಾಗ ತಂಗಿ ನೋಡಿದಳು. ಎರಡು ಚುಕ್ಕೆ ಒಂದಾಗಿ, ಕೆಂಪಾಗಿ, ಅಲ್ಲೇ ನಿಂತಿದ್ದವು.

ಅವಳು ಪರೀಕ್ಷಕರತ್ತ ತಿರುಗಲಿಲ್ಲ. ಗಾಜಿನತ್ತ ತಿರುಗಿದಳು. ಅಕ್ಕ ಹೆಡ್‌ಫೋನ್ ತೆಗೆದು ವೈರು ಸುತ್ತುತ್ತಿದ್ದಳು, ದಿನವೂ ಸುತ್ತುವ ಹಾಗೆಯೇ.

ಕಾರಿಡಾರಿನಲ್ಲಿ ನೀರಿನ ಯಂತ್ರದ ಬಳಿ ಅಕ್ಕ ಸಿಕ್ಕಳು.

“ಬೇಕಂತಲೇ ಮಾಡಿದೆ ನೀನು.”

“ಹೌದು.”

“ನಿನಗೆ ಸಿಗದ ಕುರ್ಚಿ ನನಗೂ ಸಿಗಬಾರದು. ಚಿಕ್ಕಮ್ಮ ಹೇಳಿದ್ದು ನಿಜ.”

“ಹಾಗಂದುಕೊಂಡರೆ ಸಮಾಧಾನ ಆಗುತ್ತೆ ಅಂದ್ರೆ ಹಾಗೇ ಅಂದುಕೋ.”

“ನಿನ್ನೆ ಸಂಜೆ ಕೈ ಬಿಡಲ್ಲ ಅಂದಿದ್ದೆ. ನನ್ನ ಮುಖ ನೋಡ್ಕೊಂಡು ಅಂದಿದ್ದೆ.”

“ಅಂದಿದ್ದೆ.”

ಅಕ್ಕ ನೀರು ಕುಡಿದು ಮುಗಿಸಿದಳು. ಆರು ತಿಂಗಳು ಹಾಸಿಗೆಯ ಮೇಲೆ ಅಂಗಿಯ ಗುಂಡಿಗಳನ್ನು ಹರಡಿ, ಇದು ವಿಮಾನ, ಇದು ಮೋಡ, ಈಗ ಏನು ಮಾಡ್ತೀಯ ಎಂದು ಕಲಿಸಿದವಳು ಇವಳೇ. ತಂಗಿಗೆ ಅಳು ಬರಲಿಲ್ಲ. ಅಳು ಬರುವುದಕ್ಕೂ ಯಾರೋ ಒಬ್ಬರು ನಮ್ಮವರು ಅನ್ನಿಸಬೇಕು.

ಪರೀಕ್ಷಕರು ಹೊರಗೆ ಬಂದರು.

“ಸಾರ್, ಇವಳು ಮೋಸ ಮಾಡಿದಳು. ಎರಡೇ ತಪ್ಪು ಇರುತ್ತೆ ಅಂತ ನೀವೇ ಹೇಳಿದ್ರಿ.”

“ಎರಡು ಅಂದವನೂ ನಾನೇ, ಹಾಳೆಯಲ್ಲಿ ಮೂರು ಬರೆದವನೂ ನಾನೇ. ಎರಡು ಎಣಿಸಿ ಆರಾಮಾಗಿ ಕೂತುಬಿಡೋರು ಯಾರು ಅಂತ ಗೊತ್ತಾಗಬೇಕಲ್ಲ. ನಿಮ್ಮಕ್ಕ ಬರೆದದ್ದನ್ನು ಒತ್ತಿದ್ರು, ಅಷ್ಟೇ. ಅವರ ಮೇಲೆ ಯಾಕೆ ಸಿಟ್ಟು?”

ತಂಗಿಯ ಸಿಟ್ಟು ಇಳಿಯಲಿಲ್ಲ.

ಪರೀಕ್ಷಕರು ಕನ್ನಡಕ ಒರೆಸಿಕೊಂಡರು. “ನೋಡಿ, ನಿಯಮದ ಪ್ರಕಾರ ನೀವು ಫೇಲು. ಆದರೆ ಮೊದಲಿನ ಎರಡು ಇದಾವಲ್ಲ, ಇಪ್ಪತ್ತು ವರ್ಷದಲ್ಲಿ ಅಂಥದ್ದು ನಾನು ಕಂಡಿಲ್ಲ. ಚುಕ್ಕೆ ಅಲ್ಲಾಡೋ ಮುಂಚೆ ಹಿಡಿದ್ರಿ. ಅಂಥವರನ್ನ ಕಳ್ಕೊಳ್ಳೋಕೆ ನನಗೆ ಮನಸ್ಸಿಲ್ಲ. ಊಟ ಆದಮೇಲೆ ಇನ್ನೊಂದು ಸಲ ಕೂರಿಸ್ತೀನಿ. ಅಷ್ಟು ಅಧಿಕಾರ ನನಗಿದೆ.”

ಮಾತು ಮುಗಿಯುವ ಮೊದಲೇ ತಂಗಿ ತಲೆಯಾಡಿಸಿದ್ದಳು.

ಅವರು ಫೈಲಿನಿಂದ ಹೊಸ ಹಾಳೆ ತೆಗೆದು ಅಕ್ಕನಿಗೆ ಚಾಚಿದರು. “ಪೈಲಟ್ ನೀವೇ. ಈ ವಾರ ಬೇರೆ ಯಾರೂ ಇಲ್ಲ.”

ತಂಗಿಯ ಕೈ ಅಕ್ಕನ ತೋಳಿನ ಮೇಲೆ ಬಿತ್ತು. ದನಿ ಒಮ್ಮೆಲೇ ಮೆತ್ತಗಾಗಿತ್ತು. “ಅಕ್ಕ, ಇದೊಂದು ಸಲ.”

ಹಾಳೆ ಗಾಳಿಯಲ್ಲೇ ಉಳಿಯಿತು.

“ನಾನು ಕೂರಲ್ಲ ಸಾರ್,” ಎಂದಳು ಅಕ್ಕ. “ಮೊದಲೆರಡು ಸಲ ಉತ್ತರದ ಕೊನೆಗೆ ‘ಮೇಡಂ’ ಅಂತ ಸೇರಿಸಿ ಸುಳಿವು ಕೊಟ್ಟವಳು ನಾನೇ; ಆಮೇಲೆ ಇವಳು ಪರದೆ ನೋಡೋದೇ ಬಿಟ್ಟು ನನ್ನ ತುಟಿ ನೋಡ್ತಾ ಕೂತಳು.”