ಒಂದು ಸುತ್ತು ಬರುವಷ್ಟು ಹೊತ್ತು

ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗ್‌ನವನು ಕೈ ಎತ್ತಿ ಹಾಡನ್ನು ನಿಲ್ಲಿಸಿದ. ಮೈಕಿನ ಮುಂದಿದ್ದವಳು ಆಗಷ್ಟೇ ಎರಡನೆಯ ಸಾಲು ಮುಗಿಸಿದ್ದಳು.

"ಅಕ್ಕಾ, ಚೆನ್ನಾಗಿದೆ. ಆದ್ರೆ ಹೀಗೆ ಹಾಡಿದ್ರೆ ಆರು ನಿಮಿಷ ಆಗುತ್ತೆ. ವಾರ್ತೆಗೂ ಹವಾಮಾನಕ್ಕೂ ಮಧ್ಯೆ ಸಿಗೋದು ಮೂರೇ ನಿಮಿಷ. ಒಂದೆರಡು ಸಾಲು ಬಿಟ್ಬಿಡಿ."

"ಇರೋದೇ ನಾಲ್ಕು ಸಾಲು. ಯಾವುದನ್ನ ಬಿಡ್ಲಿ?"

"ಹಾಗಾದ್ರೆ ಸ್ವಲ್ಪ ಬೇಗ ಹಾಡಿ."

"ಇದು ಓಡೋ ಹಾಡಲ್ಲ ಕಣಪ್ಪ. ಸಾವಿನ ಮನೇಲಿ ಹಾಡೋದು."

ಅವಳು ಬೇಕರಿಯಲ್ಲಿ ಹಿಟ್ಟು ನಾದುವವಳು. ಹಾಡುವುದು ಅವಳ ಕಸುಬಲ್ಲ, ಬರುತ್ತಿದ್ದದ್ದೂ ಇದೊಂದೇ ಹಾಡು. ಆದರೂ ಯಾರಾದರೂ ತೀರಿಕೊಂಡರೆ ಆ ಮನೆಯವರು ಬೇಕರಿಯ ಹಿಂಬಾಗಿಲಿಗೆ ಬಂದು ಕರೆಯುತ್ತಿದ್ದರು. ಅವಳು ಕೈತೊಳೆದುಕೊಂಡು ಹೋಗುತ್ತಿದ್ದಳು. 'ನಾ ಹೊರಟೆ, ನೀ ಬಾರೆ, ನಿನ್ನ ಹಿಂದೆ ಯಾರೇ' ಎಂದು ಒಂದೊಂದು ಅಕ್ಷರವನ್ನೂ ಎಳೆದೆಳೆದು ಹಾಡಿ, 'ಯಾರೇ' ಆದಮೇಲೆ ಸುಮ್ಮನಾಗಿಬಿಡುವಳು. ಆ ಸುಮ್ಮನಿದ್ದ ಹೊತ್ತಿನಲ್ಲೇ, ಅಲ್ಲಿಯತನಕ ಹಲ್ಲುಕಚ್ಚಿ ಕೂತವರು ಕೂಡ ಅತ್ತು ಹಗುರಾಗುತ್ತಿದ್ದರು. ಆ ಮಾತು ಬಾಯಿಂದ ಬಾಯಿಗೆ ಹೋಗಿ ರೇಡಿಯೋದವರನ್ನು ಮುಟ್ಟಿತ್ತು.

"ಹಾಡು ಯಾರಿಂದ ಕಲಿತದ್ದು ಅಂತ ಹೇಳ್ಬೇಕಾಗುತ್ತೆ," ಅಂದ ರೆಕಾರ್ಡಿಂಗ್‌ನವನು.

"ನಮ್ಮ ಚಿಕ್ಕಮ್ಮನಿಂದ. ಅಗೋ, ನಿನ್ನ ಪಕ್ಕದಲ್ಲೇ ಕೂತಿದ್ದಾರಲ್ಲ. ನಿನ್ನೆ ತಾನೇ ದೂರದಿಂದ ಬಂದ್ರು. ನಾನು ಹಾಡೋದನ್ನ ಕೇಳ್ತಿರೋದು ಇದೇ ಮೊದಲು."

ಅಕ್ಕನ ಮಗಳ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮುದುಕಿ ಬೆಚ್ಚಿ ನೋಡಿದಳು. "ನನ್ನಿಂದಲೇ? ಇಂಥ ಹಾಡು ನಾನು ಜನ್ಮದಲ್ಲಿ ಹಾಡಿಲ್ಲಮ್ಮ." ಆಮೇಲೆ ತುಟಿಯಲ್ಲೇ ಆ ಸಾಲನ್ನು ಒಂದು ಸಲ ಹೇಳಿಕೊಂಡಳು. ಇನ್ನೊಂದು ಸಲ ಸ್ವಲ್ಪ ಬೇಗ ಹೇಳಿಕೊಂಡಳು. ಮೂರನೆಯ ಸಲಕ್ಕೆ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು.

"ಅಯ್ಯೋ ಹುಚ್ಚು ಹುಡುಗಿ! ಇದು ಹಗ್ಗದಾಟದ ಹಾಡು ಕಣೆ!"

ಗಾಜಿನ ಬಾಗಿಲು ತಳ್ಳಿಕೊಂಡು ಒಳಗೇ ಬಂದು, ಚಪ್ಪಾಳೆ ಹೊಡೆಯುತ್ತಾ ನಾಲ್ಕು ಸಾಲನ್ನೂ ಪಟಪಟನೆ ಹಾಡಿ ಮುಗಿಸಿದಳು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. "ಒಬ್ಬಳು ಹಾರ್ತಾ ಹಾರ್ತಾ ಹೊರಗೆ ಹೋಗ್ಬೇಕು, ಇನ್ನೊಬ್ಬಳು ನುಗ್ಬೇಕು. ನಿಮ್ಮಮ್ಮ ಒಂದು ತುದಿ ಹಿಡಿದು ತಿರುಗಿಸೋಳು. ಯಾವುದರಲ್ಲಿ ಹಾಕಿ ಕೇಳಿದ್ಯೇ ಆಗ ನಾನು ಹಾಡಿ ಕಳಿಸಿದ್ದ ಕ್ಯಾಸೆಟ್ಟು?"

"ಅಪ್ಪನ ಹಳೇ ಟೇಪ್‌ರೆಕಾರ್ಡರ್‌ನಲ್ಲಿ."

"ಸೆಲ್ಲು?"

"ಹೊಸ ಸೆಲ್ಲು ಎಲ್ಲಿಂದ ಬರ್ಬೇಕು! ಅಪ್ಪ ಹಳೇವನ್ನೇ ಬಿಸಿಲಿಗಿಟ್ಟು ಬಿಸಿಲಿಗಿಟ್ಟು ಹಾಕೋನು, ಟೇಪು ನಿಧಾನಕ್ಕೆ ಸುತ್ತೋದು. ನಿನ್ನ ದನಿ ಗಂಡಸರ ಹಾಗೆ ದಪ್ಪಗಿತ್ತು ಚಿಕ್ಕಮ್ಮ. ಆಮೇಲೆ ಫೋನಲ್ಲಿ ತೆಳ್ಳಗೆ ಕೇಳಿದಾಗ, ಫೋನೇ ಹೀಗೆ ಅಂದ್ಕೊಂಡೆ."

ರೆಕಾರ್ಡಿಂಗ್‌ನವನು ಗುಂಡಿ ಒತ್ತಿ, "ಅಕ್ಕಾ, ಇದನ್ನೇ ಹಾಡಿ! ಎರಡು ಸಲ ಹಾಡಿದ್ರೂ ಟೈಮ್ ಮಿಗುತ್ತೆ," ಅಂದ. ಅವಳು ಪ್ರಯತ್ನಪಟ್ಟಳು. ಬಾಯಿಯೇನೋ ಓಡಿತು, ಉಸಿರು ಮಾತ್ರ ಹಳೆಯ ಜಾಗದಲ್ಲೇ ನಿಂತುಬಿಟ್ಟಿತು. ಎರಡು ಸಲ ಎಡವಿ, ಮೈಕಿನ ಕಂಬ ಹಿಡಿದುಕೊಂಡು ನಿಂತಳು.

"ಎಷ್ಟು ಮನೇಲಿ ಹಾಡಿದೀನಿ ಚಿಕ್ಕಮ್ಮ. ಮಗು ಕಳ್ಕೊಂಡವರ ಮುಂದೆ, ಗಂಡನ್ನ ಕಳ್ಕೊಂಡವರ ಮುಂದೆ. ಅವರಿಗೆಲ್ಲ ನಾನು ಹಗ್ಗದಾಟ ಹೇಳ್ಬಂದೆನಾ?"

ಚಿಕ್ಕಮ್ಮನ ನಗು ನಿಂತಿತು. "ನಿಮ್ಮಮ್ಮ ಹೋದಾಗ ಕಳಿಸಿದ್ದು ಅದು. ನನಗೆ ಬರೋಕಾಗಿರ್ಲಿಲ್ಲ. ಮಗು ಹಾರಿ ಕುಣಿದು ನಾಲ್ಕು ದಿನ ನಗಲಿ ಅಂತ ಕಳಿಸಿದ್ದೆ."

"ನಾನು ಅತ್ತಿದ್ದೇ ಅದನ್ನ ಕೇಳಿದ ಮೇಲೆ. ಅಲ್ಲೀತನಕ ಕಣ್ಣಲ್ಲಿ ನೀರೇ ಬಂದಿರ್ಲಿಲ್ಲ, ಅಪ್ಪ ಹೆದರಿಬಿಟ್ಟಿದ್ದ." ಮೈಕಿನ ಕಂಬದಿಂದ ಕೈ ತೆಗೆದು ಕೇಳಿದಳು, "ಮತ್ತೆ, ಆ 'ಯಾರೇ' ಆದ್ಮೇಲೆ ನೀನು ಸುಮ್ಮನಾಗ್ತೀಯಲ್ಲ? ಜನ ಅಳೋದು ಅಲ್ಲೇ. ಅದೇನದು?"

"ಅದಾ? ಹಗ್ಗ ಒಂದು ಸುತ್ತು ಬರೋಷ್ಟು ಹೊತ್ತು. ಒಳಗೆ ಬರೋಳಿಗೆ ದಾರಿ ಬಿಡ್ಬೇಕಲ್ಲ." ಹೇಳಿದವಳು ತಾನೇ ಯೋಚನೆಗೆ ಬಿದ್ದಳು. "ನಿಂದೇ ಹಾಡು ಮಗಳೇ. ಹಾರೋವಾಗ ಹಗ್ಗದ ಮೇಲೇ ಕಣ್ಣಿರೋದು, ಹಾಡು ಏನ್ ಹೇಳುತ್ತೆ ಅಂತ ಕೇಳೋಕೆ ನಮಗೆಲ್ಲಿ ಪುರುಸೊತ್ತಿತ್ತು? ನಾನೂ ಒಂದು ಸಲ ಕೇಳಿಸ್ಕೋತೀನಿ."

"ಆರು ನಿಮಿಷ ಆಗುತ್ತಲ್ಲಪ್ಪ?" ಎಂದು ಅವಳು ಗಾಜಿನ ಕಡೆ ನೋಡಿದಳು.

ರೆಕಾರ್ಡಿಂಗ್‌ನವನು ತಲೆ ಕೆರೆದುಕೊಂಡ. "ಆಗ್ಲಿ ಬಿಡಿ. ಹವಾಮಾನ ಓದೋರಿಗೆ ಬೇಗ ಓದೋಕೆ ಹೇಳ್ತೀನಿ."

ಚಿಕ್ಕಮ್ಮ ಆಚೆ ಹೋದಳು, ಆದರೆ ಕುರ್ಚಿಯಲ್ಲಿ ಕೂರಲಿಲ್ಲ. ಕೆಂಪು ದೀಪ ಹೊತ್ತಿತು. ನಾ ಹೊರಟೆ, ಎಂದು ಹಾಡು ಶುರುವಾಯಿತು, ಹಿಟ್ಟು ಉಬ್ಬುವಷ್ಟು ನಿಧಾನಕ್ಕೆ. 'ಯಾರೇ' ಬಂತು. ಅವಳು ಸುಮ್ಮನಾದಳು. ರೆಕಾರ್ಡಿಂಗ್‌ನವನು ಪಕ್ಕಕ್ಕೆ ತಿರುಗಿ ನೋಡಿದ. ಮುದುಕಿ ಚಪ್ಪಲಿ ಬಿಟ್ಟು ನಿಂತಿದ್ದಳು. ಅವಳ ಎರಡೂ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿದ್ದವು. ಹಗ್ಗ ಇನ್ನೂ ಬಂದಿರಲಿಲ್ಲ.