ಪ್ರಕಟಣೆಯಿಲ್ಲದ ಭೂಕಂಪ

ಮೇಜಿನ ಮೇಲಿದ್ದ ಗಾಜಿನ ಬೋಗುಣಿಯಲ್ಲಿ ನೀರು ಒಂದು ಪಕ್ಕಕ್ಕೆ ವಾಲಿ, ಕೆಂಪು ಮೀನು ಗಿರಕ್ಕನೆ ತಿರುಗಿತು. ಮರುಕ್ಷಣ ನೆಲವೇ ನಡುಗತೊಡಗಿತು. ಕಿಟಕಿಯ ಗಾಜುಗಳು ಕಟಕಟ ಹಲ್ಲು ಕಡಿದವು, ಚಾವಣಿಯ ದೀಪ ಜೋಲಿ ಹೊಡೆಯಿತು. ಉರಾನೊ ಊರಿನ ಶಿಶುಶಾಲೆಯ ಮಕ್ಕಳು ಅನ್ನದುಂಡೆ ಹಿಡಿದ ಕೈಯನ್ನು ಬಾಯಿಯ ಬಳಿ ಹಾಗೇ ನಿಲ್ಲಿಸಿ ಮಿಸಾವೊ ಟೀಚರ್ ಮುಖ ನೋಡಿದರು. ಮಿಸಾವೊ ಹಿಂದಿನ ಬೆಂಚಿನಲ್ಲಿ ಕೂತಿದ್ದ ನೆಮ್ಮದಿ ಇಲಾಖೆಯ ತಪಾಸಣಾಧಿಕಾರಿ ಕುರಾಮೋಚಿಯ ಮುಖ ನೋಡಿದಳು.

ನಡುಕ ಬೇಗ ನಿಲ್ಲಲಿಲ್ಲ. ನಿಂತ ಮೇಲೆ ಕುರಾಮೋಚಿ ಕೋಟಿನ ಮೇಲೆ ಉದುರಿದ್ದ ಸುಣ್ಣದ ಪುಡಿಯನ್ನು ಕೊಡವಿಕೊಂಡ.

"ಯಾಕೆ ಸುಮ್ಮನಾದ್ರಿ ಟೀಚರ್? ಊಟ ಸಾಗಲಿ."

"ಸಾರ್, ಈಗ..."

"ಈಗ ಏನು?" ಅವನು ನಗುನಗುತ್ತಲೇ ಕೇಳಿದ.

ನೆಮ್ಮದಿ ಇಲಾಖೆ ಪ್ರಕಟಿಸಿದರೆ ಮಾತ್ರ ಜಪಾನಿನಲ್ಲಿ ನೆಲ ನಡುಗುತ್ತದೆ. ಇಲಾಖೆ ಏನನ್ನೂ ಪ್ರಕಟಿಸಿರಲಿಲ್ಲ. ಹೊರಗಿನ ಕಂಬದ ಮೇಲೆ ಧ್ವನಿವರ್ಧಕ ಎಂದಿನಂತೆ ಮಧ್ಯಾಹ್ನದ ಕೊಳಲು ನುಡಿಸುತ್ತಿತ್ತು. ಹೋದ ವರ್ಷ ಇಂಥದೇ ಒಂದು ನಡುಕಕ್ಕೆ ದೊಡ್ಡ ತರಗತಿಯ ಕಾಗಾ ಮೇಷ್ಟ್ರು ಮಕ್ಕಳನ್ನು ಮೇಜಿನಡಿ ಕೂರಿಸಿದ್ದರು. ಮೇಷ್ಟ್ರನ್ನು ಸಮಾಧಾನಪಡಿಸಲೆಂದು ಇಲಾಖೆಯ ಗಾಡಿ ಬಂದು ಕರೆದೊಯ್ದಿತು. ವಸಂತದಲ್ಲಿ ಮರಳಿ ಬಂದ ಮೇಷ್ಟ್ರು ಈಗ ದಿನವಿಡೀ ರೈಲು ನಿಲ್ದಾಣದಲ್ಲಿ ಕೂತಿರುತ್ತಾರೆ, ಬುತ್ತಿ ತರುವ ಹೆಂಡತಿಯನ್ನು ದಿನಾಲೂ "ತಾವು ಯಾರು?" ಎಂದು ಬಲು ವಿನಯದಿಂದ ಕೇಳುತ್ತಾರೆ. ಅದು ನೆನಪಾಗಿ ಮಿಸಾವೊ ತನ್ನ ಮಣಿಕಟ್ಟು ನೋಡಿಕೊಂಡಳು. ಇಲಾಖೆ ಎಲ್ಲರಿಗೂ ತೊಡಿಸಿದ ಪಟ್ಟಿ ನೀಲಿಯಿಂದ ಹಳದಿಗೆ ತಿರುಗತೊಡಗಿತ್ತು. ಎದೆಬಡಿತ ಏರಿದರೆ ಸಾಕು, ಆ ಪಟ್ಟಿ ನಾಲ್ಕು ಜನರೆದುರು ಚಾಡಿ ಹೇಳುತ್ತದೆ. ಅವಳು ಕೈಯನ್ನು ಏಪ್ರನ್ ಜೇಬಿಗೆ ತುರುಕಿ ಉಸಿರನ್ನು ಮೆಲ್ಲಗೆ ಎಳೆದುಕೊಂಡಳು.

"ಟೀಚರ್," ಕಿಟಕಿಯ ಬಳಿ ಕೂತಿದ್ದ ಪುಟ್ಟ ಕಯೊ ಕೂಗಿದಳು, "ಸಮುದ್ರ ಎಲ್ಲಿಗೋ ಹೊರಟ್ಹೋಯ್ತು! ಚಿಕ್ಕಪ್ಪನ ದೋಣಿ ಕೆಸರಲ್ಲಿ ಮಲ್ಕೊಂಡಿದೆ ನೋಡಿ."

ಮಿಸಾವೊ ನೋಡಿದಳು. ಹುಟ್ಟಿದಾಗಿನಿಂದ ಕಾಣದ ಕರಿಬಂಡೆಗಳು ಬಿಸಿಲಲ್ಲಿ ಹೊಳೆಯುತ್ತಿದ್ದವು. ಅಜ್ಜಿ ಒಮ್ಮೆ ಹೊದಿಕೆಯೊಳಗೆ ಪಿಸುಗುಟ್ಟಿದ್ದಳು: ಹಿಂದೊಮ್ಮೆ ನೆಲ ನಡುಗಿದಾಗ ಮೊದಲು ನೀರು ಹಿಂದಕ್ಕೆ ಹೋಯಿತಂತೆ, ಜನ ಖುಷಿಯಾಗಿ ಮೀನು ಹೆಕ್ಕಲು ಇಳಿದರಂತೆ. ಇಳಿದವರ ಕಥೆ ಅಲ್ಲಿಗೇ ಮುಗಿದಿತ್ತು.

ಕುರಾಮೋಚಿ ಎದ್ದು ಬಂದು ಪರದೆ ಎಳೆದ. "ಇಳಿತ ಅಷ್ಟೆ. ಸಮುದ್ರ ಅಂದ್ಮೇಲೆ ಇಳಿತ ಇರಲ್ವೇ?"

"ಸಾರ್, ಮಕ್ಕಳನ್ನ ಬೆಟ್ಟದ ಗುಡಿಗೆ ಕರ್ಕೊಂಡು ಹೋಗ್ಲಾ? ಕರ್ಪೂರದ ಮರ ತೋರ್ಸಿ ಬರ್ತೀನಿ."

"ಊಟದ ಮಧ್ಯದಲ್ಲಾ?" ಅವನು ದನಿ ತಗ್ಗಿಸಿದ. "ನೋಡಿ ಟೀಚರ್, ನಿಮ್ಮ ಬಗ್ಗೆ ಒಳ್ಳೇ ಮಾತು ಹೇಳೋಣ ಅಂತಲೇ ಬಂದಿದ್ದೀನಿ. ನನ್ನ ಕೈಲಿ ಬೇರೇದು ಮಾಡಿಸ್ಬೇಡಿ. ಕೂತ್ಕೊಳ್ಳಿ."

ಪರದೆ ಹಿಡಿದ ಅವನ ಕೋಟಿನ ತೋಳು ಮೇಲಕ್ಕೆ ಸರಿದಿತ್ತು. ಅವನ ಪಟ್ಟಿಯೂ ಹಳದಿ. ಅವಳದಕ್ಕಿಂತ ಗಾಢವಾದ ಹಳದಿ.

ಇವನಿಗೂ ಗೊತ್ತು! ಮಿಸಾವೊಳ ಒಳಗೆ ಏನೋ ಕಿತ್ತುಕೊಂಡು ಬಂತು. "ಭೂಕಂಪ!" ಎಂದು ಕಿರುಚಿದಳು. "ಭೂಕಂಪ! ಓಡಿ!"

ಒಂದು ಮಗುವೂ ಅಲುಗಲಿಲ್ಲ. ಪುಸ್ತಕಗಳಿಂದ ಆ ಪದವನ್ನು ಅಳಿಸಿದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಮಕ್ಕಳು ಅವು. ಹಿಂದಿನ ಸಾಲಿನಲ್ಲಿ ತೆಪ್ಪೇ ಎಂಬ ಹುಡುಗ ಕಿಸಕ್ಕನೆ ನಕ್ಕ. "ಹಂಗಂದ್ರೇನು ಟೀಚರ್?" ಎಂದಳು ಕಯೊ.

ಹೇಳಲು ಹೊತ್ತಿರಲಿಲ್ಲ. ಮಿಸಾವೊ ಕಯೊಳನ್ನು ಬಾಚಿ ಸೊಂಟಕ್ಕೇರಿಸಿಕೊಂಡು ಬಾಗಿಲು ದೂಡಿದಳು. "ನನ್ನ ಹಿಂದೆ ಬನ್ನಿ! ಎಲ್ಲಾರೂ! ಶೂ ಬೇಡ, ಶೂ ಬಿಟ್ಟು ಬನ್ನಿ!" ಅಭ್ಯಾಸಬಲದಿಂದ ಶೂ ಗೂಡಿನತ್ತ ತಿರುಗಿದ್ದ ಮಕ್ಕಳು ಕಾಲುಚೀಲದಲ್ಲೇ ಅಂಗಳಕ್ಕೆ ಇಳಿದರು. ಇದೇನೋ ಹೊಸ ಆಟವೆಂದು ಕೆಲವರು ಕೇಕೆ ಹಾಕಿದರು. "ನಿಂತ್ಕೊಳ್ಳಿ! ಇದರ ಪರಿಣಾಮ ಏನು ಗೊತ್ತಾ ನಿಮ್ಗೆ?" ಎಂದು ಕುರಾಮೋಚಿ ಬಾಗಿಲಲ್ಲಿ ನಿಂತು ಅರಚುತ್ತಿದ್ದ. ಅವಳು ತಿರುಗಿ ನೋಡಲಿಲ್ಲ. ಬಿದಿರು ಮೆಳೆ ದಾಟಿ ಗುಡಿಯ ಕಲ್ಲುಮೆಟ್ಟಿಲು ಹತ್ತುವಾಗ, ನೂರು ರೈಲು ಒಟ್ಟಿಗೆ ಬಂದಂತೆ ಹಿಂದಿನಿಂದ ಸದ್ದು ಕೇಳಿಸಿತು. ಕೊಳಲು ಅರ್ಧಕ್ಕೇ ನಿಂತಿತು.

ಮೇಲೆ ತಲುಪಿ ಮಕ್ಕಳ ತಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಹಿಂದಿನ ಸಾಲಿನ ಹುಡುಗ ತೆಪ್ಪೇ ಇರಲಿಲ್ಲ. ಕೆಳಗೆ ಓಡಬೇಕೆಂದು ತಿರುಗಿದರೆ ಕುರಾಮೋಚಿ ಅದೇ ಮೆಟ್ಟಿಲು ಹತ್ತಿ ಬರುತ್ತಿದ್ದ. ಸೊಂಟದವರೆಗೆ ಒದ್ದೆ, ಕಾಲಲ್ಲಿ ಶೂ ಇಲ್ಲ, ಬೆನ್ನ ಮೇಲೆ ತೆಪ್ಪೇ. ಹುಡುಗನನ್ನು ಇಳಿಸಿ ಅಲ್ಲೇ ಕಲ್ಲಿನ ಮೇಲೆ ಕುಸಿದ. ಕೆಳಗೆ ಕಪ್ಪು ನೀರಿನಲ್ಲಿ ಶಾಲೆಯ ಚಾವಣಿ ಮಡಕೆಯ ಮುಚ್ಚಳದಂತೆ ನಿಧಾನವಾಗಿ ತಿರುಗುತ್ತಾ ತೇಲಿಹೋಯಿತು. ಮಕ್ಕಳು ಈಗ ಅಳುತ್ತಿದ್ದರು.

ಮಿಸಾವೊ ಅವನೆದುರು ಬಂದು ಎರಡೂ ಕೈ ಮುಂದೆ ಚಾಚಿದಳು. "ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ ಸಾರ್. ಮೊದ್ಲು ಇವರ ಅಪ್ಪ-ಅಮ್ಮ ಬರ್ಲಿ."

ಕುರಾಮೋಚಿ ಅವಳ ಕೈಗಳನ್ನು ನೋಡಲೇ ಇಲ್ಲ. ಅವನ ಕಣ್ಣು ಭೂಶಿರದ ಆಚೆ, ಪಕ್ಕದ ಕೊಲ್ಲಿಯ ಮೇಲೆ ಎದ್ದಿದ್ದ ಧೂಳಿನಲ್ಲಿ ನೆಟ್ಟಿತ್ತು.

"ಅಲ್ಲಿನ ಶಾಲೇಲಿ ನನ್ನ ಮಗಳಿದ್ದಾಳೆ," ಎಂದ.

"ಅಲ್ಲೂ ಬೆಟ್ಟ ಇದೆ ಸಾರ್, ಶಾಲೆ ಹಿಂದೇನೇ. ಟೀಚರ್ ಹತ್ತಿಸಿರ್ತಾರೆ ಬಿಡಿ."

ಅವನು ಇಲ್ಲವೆಂಬಂತೆ ತಲೆಯಾಡಿಸಿದ.

"ಆಯಮ್ಮ ನಿಮ್ಮ ಥರ ಅಲ್ಲ ಟೀಚರ್. ನಾನು ಹೇಳಿದ್ದನ್ನ ಇವತ್ತಿನವರೆಗೂ ಮೀರಿದೋರಲ್ಲ."